ಹೆಡ್‌ಫೋನ್ ಹಾಕಿಕೊಂಡ ಮುತ್ಯಾ

ಯುಗಾದಿ ಕಳೆದ ಮೊದಲ ರವಿವಾರ, ಮುಂಜಾನೆ ಎಂಟು ಗಂಟೆ. ಸ್ಥಳ, ಹುನಗುಂದದ ನಮ್ಮ ಮನೆಯ ಮಾಳಿಗೆ. ಹಾಜರಿದ್ದವರು ನಾನು, ಪಕ್ಕದ ಮನೆಯ ಹುಡುಗಿ ಮತ್ತು ಒಂದು ಕರಿಯ ಕಂಬಳಿ.

ಚಳಿಗಾಲದ ಹೊದಿಕೆಗಳನ್ನು ಯುಗಾದಿಯ ನಂತರ ಬಿಸಿಲಿಗೆ ಹಾಕಿ, ಬೇವಿನೆಲೆ ಇಟ್ಟು ಟ್ರಂಕಿಗೆ ಸೇರಿಸುವುದು ನನ್ನ ಪದ್ಧತಿ. ಅದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಕಂಬಳಿಯನ್ನು ಇಬ್ಬರೂ ಒಂದೊಂದು ತುದಿ ಹಿಡಿದು ಝಾಡಿಸಿದೆವು. ವಾಸನೆ ಎದ್ದಿತು. ಕುರಿಯ ಉಣ್ಣೆ, ಹುಣಸೆ ಬೀಜದ ಗಂಜಿ, ಅದರೊಳಗೆ ಸಣ್ಣಗೆ ಭಂಡಾರದ ಅರಿಷಿಣ... ಕೈಗಳು ತಾವಾಗಿ ನಿಂತವು.

"ಮುತ್ಯಾ ಬಂದ ನೋಡ್ರಿ ಅಕ್ಕೋರ," ಎಂದಳು ಹುಡುಗಿ.

ಮುತ್ಯಾ ಎಂದರೆ ಅವಳ ಅಜ್ಜ. ಓಣಿಗೆಲ್ಲ ಮುತ್ಯಾ ಆಗಿದ್ದುದರಿಂದ, ಅರವತ್ತು ದಾಟಿದ ನನಗೂ ಮುತ್ಯಾನೇ. ಹುಡುಗಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳ ಕಥೆ ಬರೆಯಲು ಒಪ್ಪಿದ್ದಾಳೆ, ಹೆಸರು ಬೇಡ ಎಂದಿದ್ದಾಳೆ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದವಳು. ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ, ಮುಂಜಾನೆ ಐದಕ್ಕೆ ಏಳುವುದು, ರಾತ್ರಿ ಒಂಬತ್ತಕ್ಕೆ ಮಲಗುವುದು. ಸೀಟಿ ನಿವೃತ್ತಿಯ ದಿನ ಸಾಲೆಗೆ ಬಿಟ್ಟು ಬಂದೆ. ಉಳಿದವು ಇನ್ನೂ ನನ್ನ ಹತ್ತಿರವೇ ಇವೆ.

ಮುತ್ಯಾ ನಮ್ಮ ಓಣಿಯ ಬೀರಪ್ಪನ ಗುಡಿಯ ಪೂಜಾರಿ. ತರುಣರಾಗಿದ್ದಾಗ ಕುರಿ ಕಾಯ್ದವರು. ನಾನು ಕಂಡಂದಿನಿಂದ ಬೆಳ್ಳನೆಯ ರುಮಾಲು, ಕೈಯಲ್ಲಿ ಉಣ್ಣೆ ನೂಲುವ ಕದಿರು. ಮಾತಾಡುವಾಗಲೂ ಕದಿರು ತಿರುಗುತ್ತಿರಬೇಕು, ಇಲ್ಲವಾದರೆ ಮಾತು ಬರುತ್ತಿರಲಿಲ್ಲ. ಸುತ್ತಲಿನ ಊರುಗಳಲ್ಲಿ ಡೊಳ್ಳಿಗೆ ಹೊಸ ಚರ್ಮ ಬಿಗಿದಾಗಲೆಲ್ಲ ಅವರನ್ನು ಕರೆದೊಯ್ಯುತ್ತಿದ್ದರು. ಅವರು ಒಂದು ಪೆಟ್ಟು ಹಾಕಿ, ತಲೆ ಓರೆ ಮಾಡಿ ಕೇಳಿ, ಹೂಂ ಎಂದರೆ ಮಾತ್ರ ಆ ಡೊಳ್ಳು ಗುಡಿಗೆ ಬರಬೇಕು. ವರ್ಷಕ್ಕೊಮ್ಮೆ ಡೊಳ್ಳು ಬಾರಿಸಿ ಭಂಡಾರ ಹಾರಿಸುವಾಗ ದೇವರು ಅವರ ಮೈಮೇಲೆ ಬರುತ್ತಿದ್ದ. ಆಗ ಊರಿನವರು ಸಾಲಾಗಿ ಬಂದು ಮಳೆ, ಬೆಳೆ, ಮದುವೆಯ ವಿಚಾರ ಕೇಳಿ ಹೋಗುತ್ತಿದ್ದರು. ಮರುದಿನ ನೋಡಿದರೆ ಮುತ್ಯಾ ಎಂದಿನಂತೆ ಕಟ್ಟೆಯ ಮೇಲೆ ಕುಳಿತು ನೂಲುತ್ತಿದ್ದರು.

ಹುಡುಗಿಯ ಅಪ್ಪ-ಅವ್ವ ಇಬ್ಬರೂ ಇಳಕಲ್ಲಿಗೆ ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗಿ ಕತ್ತಲಾಗುವಾಗ ಬರುವವರು. ಹಗಲೆಲ್ಲ ಮನೆಯೂ ಮೊಮ್ಮಗಳೂ ಮುತ್ಯಾನ ಪಾಲಿಗೆ. ಅವಳು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ನನ್ನ ಸೇವೆಯ ಕೊನೆಯ ವರ್ಷ. ನಮ್ಮ ಖೋ-ಖೋ ತಂಡದಲ್ಲಿ ಅವಳಷ್ಟು ಚುರುಕಾದ ಹುಡುಗಿ ಬೇರೆ ಇರಲಿಲ್ಲ.

ಅವಳಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಕಂಡದ್ದು ಅಲ್ಲಿಯೇ, ಮೈದಾನದಲ್ಲಿ. ಖೋ-ಖೋದಲ್ಲಿ ಸಾಲಾಗಿ ಕುಳಿತವರು ಬೆನ್ನು ಮುಟ್ಟಿ ಖೋ ಎಂದಾಗಲೇ ಏಳಬೇಕು. ಅವಳು ಖೋ ಕೊಡದೆಯೇ ಎದ್ದು ಓಡಿದಳು. ಸೀಟಿ ಊದಿದೆ.

"ಯಾಕ ಎದ್ದಿ?"

"ಖೋ ಕೊಟ್ರಲ್ರೀ ಅಕ್ಕೋರ."

"ಯಾರು ಕೊಟ್ರು?"

ಅವಳು ಹಿಂದೆ ತಿರುಗಿ ನೋಡಿದಳು. ಖೋ ಕೊಡಬೇಕಾದವಳು ಇನ್ನೂ ಸಾಲಿನ ಆ ತುದಿಯಲ್ಲಿ ಓಡುತ್ತಿದ್ದಳು. ಹುಡುಗಿಯ ಮುಖದಲ್ಲಿ ತಪ್ಪು ಮಾಡಿದವರ ನಾಚಿಕೆ ಇರಲಿಲ್ಲ, ಹೆದರಿಕೆ ಇತ್ತು. ಮುಂದಿನ ವಾರ ಮತ್ತೆ ಹಾಗೆಯೇ ಆಯಿತು. ಆಮೇಲೆ ಮೈದಾನಕ್ಕೆ ಬರುವುದನ್ನೇ ಬಿಟ್ಟಳು. ಪಾಠ ತಲೆಗೆ ಹತ್ತುವುದಿಲ್ಲ ಎಂದಳು. ಗೆಳತಿಯರು ಬೆನ್ನ ಹಿಂದೆ ತನ್ನನ್ನೇ ಆಡಿಕೊಳ್ಳುತ್ತಾರೆ ಎಂದಳು. ಬಚ್ಚಲಲ್ಲಿ ಯಾರೋ ತನ್ನ ಹೆಸರು ಹಿಡಿದು ಕರೆಯುತ್ತಾರೆ ಎಂದು ಮುತ್ಯಾನಿಗೆ ಹೇಳಿದ್ದಳಂತೆ.

ನಾನು, ಮುತ್ಯಾ, ಹುಡುಗಿ ಮೂವರೂ ಮುಂಜಾನೆಯ ಬಸ್ಸಿಗೆ ಬಾಗಲಕೋಟೆಯ ದವಾಖಾನೆಗೆ ಹೋದೆವು. ಮನೋರೋಗದ ಡಾಕ್ಟರು ತರುಣ. ಅವಸರ ಮಾಡದೆ ಹುಡುಗಿಯ ಹತ್ತಿರ ಮಾತಾಡಿದರು, ನಮ್ಮ ಹತ್ತಿರವೂ ಮಾತಾಡಿದರು. ಇದು ಇನ್ನೂ ದೊಡ್ಡ ಬೇನೆ ಅಲ್ಲ, ಆದರೆ ಹೀಗೇ ಬಿಟ್ಟರೆ ಮುಂದೆ ಬರಬಹುದು, ಬರದೆಯೂ ಇರಬಹುದು ಎಂದರು.

"ಅಂದ್ರ ಮ್ವಾಡ ಕಟ್ಟೈತಿ, ಮಳಿ ಇನ್ನೂ ಹನಿ ಒಡದಿಲ್ಲ ಅನ್ರಿ," ಎಂದರು ಮುತ್ಯಾ.

"ಬರೋಬರಿ ಹೇಳಿದ್ರಿ ಅಜ್ಜಾರ," ಎಂದು ಡಾಕ್ಟರು ನಕ್ಕರು.

ನಿದ್ದೆ ಹೊತ್ತಿಗೆ ಸರಿಯಾಗಿ ಆಗಬೇಕು, ಮನೆಯಲ್ಲಿ ಬೈಗುಳ ಇರಬಾರದು, ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಅದರ ಜೊತೆಗೆ ಒಂದು ತರಬೇತಿ. ಗಮನ ಹಿಡಿದಿಡುವುದು, ಕೇಳಿದ್ದನ್ನು ನೆನಪಿಡುವುದು, ಬೇರೆಯವರ ಮುಖ ನೋಡಿ ಮನಸ್ಸು ತಿಳಿಯುವುದು, ಇವನ್ನು ಟ್ಯಾಬಿನಲ್ಲಿ ಆಟದ ಹಾಗೆ ಮಾಡಿಸುತ್ತಾರೆ. ಇದು ಮದ್ದಲ್ಲ, ಗ್ಯಾರಂಟಿಯೂ ಇಲ್ಲ, ಆದರೆ ಬಿಡದೆ ಮಾಡಿದರೆ ತಲೆಗೆ ಹಿಡಿತ ಬರುತ್ತದೆ ಎಂದರು. ನನಗೆ ಕೂಡಲೇ ಅರ್ಥವಾಯಿತು. ಇದು ಮನಸ್ಸಿನ ಕವಾಯತು. ಕವಾಯತಿಗೆ ನಾನು ಯಾವತ್ತೂ ಇಲ್ಲ ಎಂದವಳಲ್ಲ.

ತರಬೇತಿ ಕೊಡುವ ಮೇಡಮ್ ವಾರಕ್ಕೆ ಮೂರು ದಿನ ಹುನಗುಂದದ ಸರಕಾರಿ ದವಾಖಾನೆಗೆ ಬರುತ್ತಿದ್ದರು. ಅಲ್ಲಿ ಕುಳಿತರೆ ಊರೆಲ್ಲ ನೋಡುತ್ತದೆ ಎಂದು ಹುಡುಗಿ ಒಲ್ಲೆ ಎಂದಳು. ಅದಕ್ಕೆ ನಮ್ಮ ಪಡಸಾಲೆ ಆಯಿತು. ಕಿಟಕಿಗೆ ಪರದೆ, ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ನನ್ನ ಗಡಿಯಾರ. ಸಂಜೆ ಐದಕ್ಕೆ ಶುರು. ಮುತ್ಯಾ ಹೊಸ್ತಿಲ ಹೊರಗೆ ಕಟ್ಟೆಯ ಮೇಲೆ ಕದಿರು ಹಿಡಿದು ಕೂರುತ್ತಿದ್ದರು. ಒಳಗೆ ಕಳಿಸುವ ಮುನ್ನ ಮೊಮ್ಮಗಳ ಹಣೆಗೆ ಭಂಡಾರ ಹಚ್ಚುತ್ತಿದ್ದರು. ಮೇಡಮ್ ಅದನ್ನು ನೋಡಿ, "ಅದೂ ಇರ್ಲಿ, ಇದೂ ಇರ್ಲಿ" ಎಂದರು. ಆ ಮಾತಿಗೇ ಅವರು ಮುತ್ಯಾನಿಗೆ ಹಿಡಿಸಿಬಿಟ್ಟರು.

ಮೊದಲ ಆಟ ಸದ್ದಿನದು. ಹೆಡ್‌ಫೋನಿನಲ್ಲಿ ಸೀಟಿಯಂಥ ಒಂದು ಸದ್ದು ಬರುತ್ತದೆ. ಅದು ಏರಿತೋ ಇಳಿಯಿತೋ ಹೇಳಬೇಕು. ಏರಿದ್ದರೆ ಮೇಲಿನ ಬಾಣ ಒತ್ತಬೇಕು, ಇಳಿದಿದ್ದರೆ ಕೆಳಗಿನದು. ಸರಿ ಹೇಳಿದರೆ ಮುಂದಿನ ಸದ್ದು ಇನ್ನಷ್ಟು ಗಿಡ್ಡ, ಇನ್ನಷ್ಟು ಜೋರಾಗಿ ಓಡುತ್ತದೆ. ಮೊದಲೆರಡು ದಿನ ಹುಡುಗಿ ಚೆನ್ನಾಗಿ ಮಾಡಿದಳು. ಮೂರನೆಯ ದಿನ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದಳು.

"ಇದು ನನ್ನ ನೋಡಾಕತ್ತೈತ್ರಿ. ಸರಿ ಹೇಳಿದ ಕೂಡ್ಲೇ ನನ್ನ ಕೆಡವಾಕ ಹೊಸಾದು ಹೂಡತೈತಿ. ನನ್ನ ತಲ್ಯಾಗಿಂದು ಇದಕ್ಕ ಹ್ಯಾಂಗ ಗೊತ್ತಾತು?"

ಮೇಡಮ್ ತಿಳಿಸಿ ಹೇಳಿದರು. ಹೇಳಿದಷ್ಟೂ ಅವಳ ಅನುಮಾನ ಹೆಚ್ಚಾಯಿತು. ನೀವೂ ಅದರ ಕಡೆಯವರೇ ಎಂಬಂತೆ ನಮ್ಮಿಬ್ಬರನ್ನೂ ನೋಡಿ ಹೋದಳು. ಮುಂದಿನ ಸರದಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮೇಡಮ್ ಬಾಗಿಲಲ್ಲಿ ನಿಂತು, "ಇಲ್ಲೇ ಭಾಳ ಮಕ್ಕಳು ಬಿಟ್ಟುಬಿಡ್ತಾರ್ರೀ. ಬಿಟ್ಟ ಮ್ಯಾಲ ತಿರಗಿ ಕರಕೊಂಡು ಬರೂದು ಕಷ್ಟ," ಎಂದರು. ಆ ದಿನ ಟ್ಯಾಬು ಚೀಲದಿಂದ ಹೊರಗೆ ಬರಲೇ ಇಲ್ಲ.

ಇದೇ ಸಮಯಕ್ಕೆ ಮರೋಳದಿಂದ ಹುಡುಗಿಯ ಸೋದರತ್ತೆ, ಮುತ್ಯಾನ ಮಗಳು, ಬಂದಳು. ಕೆಟ್ಟವಳಲ್ಲ. ಮನೆತನದ ಮೇಲೆ ಬಹಳ ಅಭಿಮಾನ. ಬಚ್ಚಲಲ್ಲಿ ಕರೆಯುವ ದನಿಯ ಸುದ್ದಿ ಕೇಳಿ ಅವಳಿಗೆ ಹೆದರಿಕೆ ಆಗಲಿಲ್ಲ, ಹಿಗ್ಗು ಬಂತು. ನಮ್ಮ ಎರಡೂ ಮನೆಗಳ ನಡುವಿನ ಗೋಡೆ ಎದೆಯೆತ್ತರದ್ದು. ನಾನು ಇತ್ತ ಪಾತ್ರೆ ಬೋರಲು ಹಾಕುತ್ತಿದ್ದೆ. ಎಲ್ಲವೂ ಕೇಳಿಸಿತು.

"ಯಪ್ಪಾ, ಹುಡುಗಿ ಮ್ಯಾಲ ದೇವ್ರು ಬರಾಕತ್ತಾನ. ಸಾಲಿ ಬಿಡ್ಸು. ಅಮಾಸಿಗೆ ಗುಡ್ಯಾಗ ಕುಂಡ್ರಸಿ, ಡೊಳ್ಳು ಬಡಿಸಿ, ಭಂಡಾರ ಹಾಕಿ ಕೇಳೂಣು."

ಮುತ್ಯಾ ನೂಲುತ್ತಲೇ ಇದ್ದರು.

"ನಿನ್ನ ಹಿಂದ ಗುಡಿ ಯಾರು ನೋಡೂದು? ದೇವ್ರ ತಾನಾಗೇ ಆರಿಸ್ಯಾನ."

"ದೇವ್ರಲ್ಲವ್ವ ಅದು."

"ನಿನ್ನ ಮ್ಯಾಲ ಬಂದ್ರ ದೇವ್ರು, ಇಕಿ ಮ್ಯಾಲ ಬಂದ್ರ ಬ್ಯಾನಿ ಏನು? ಹಂಗಾದ್ರ ನಿನ್ನದು ಅಷ್ಟ ಖರೇ ಹ್ಯಾಂಗ ಆತು?"

ಕದಿರು ತಿರುಗುವ ಸದ್ದು ನಿಂತಿತು. ನಾನೂ ಪಾತ್ರೆ ಬಿಟ್ಟು ನಿಂತೆ. ಮುತ್ಯಾನ ಆಯುಷ್ಯವೆಲ್ಲ ಆ ಗುಡಿಯ ಮೆಟ್ಟಿಲ ಮೇಲೆ ಕಳೆದಿತ್ತು. ಮಗಳೇ ಆ ಮಾತು ಕೇಳಿದ್ದಳು. ಹುಡುಗಿ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಉತ್ತರಕ್ಕೆ ಕಾಯುತ್ತಿದ್ದಳು...

"ನೋಡವಾ," ಎಂದರು ಮುತ್ಯಾ, ಕದಿರನ್ನು ಮತ್ತೆ ನಿಧಾನವಾಗಿ ತಿರುಗಿಸುತ್ತ. "ನನ್ನ ಮ್ಯಾಲ ಬರಾಂವಗ ಡೊಳ್ಳು ಬೇಕು, ಭಂಡಾರ ಬೇಕು, ಮಂದಿ ಬೇಕು. ತನ್ನ ದಿನಕ್ಕ ಬರ್ತಾನ, ಹೇಳೂದು ಹೇಳಿ ಹೋಗ್ತಾನ. ಹೋದ ಮ್ಯಾಲ ನನಗ ಹಸಿವು ಆಗತೈತಿ, ಎರಡು ರೊಟ್ಟಿ ತಿಂದು ಮಲಗ್ತೇನಿ. ಈ ಕೂಸಿಗೆ ಹಸಿವಿಲ್ಲ, ನಿದ್ದಿಲ್ಲ. ಒಬ್ಬಾಕಿ ಜಳಕಾ ಮಾಡೂಮುಂದ ಹೆಸರ ಹಿಡದು ಕರದು ಅಂಜಿಸಾಂವ ನಮ್ಮ ಬೀರಪ್ಪ ಅಲ್ಲ. ನಮ್ಮ ದೇವ್ರು ಬಚ್ಚಲಕ್ಕ ಬರೂವಂಥಾಂವಲ್ಲ."

ಸೋದರತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುವಿಗೋ ನಗುವಿಗೋ ನನಗೆ ಇಂದಿಗೂ ಗೊತ್ತಿಲ್ಲ. ಸಾಲೆ ಬಿಡಿಸುವ ಮಾತು ಅಲ್ಲಿಗೆ ಮುಗಿಯಿತು.

ಮರುದಿನ ಸೋಮವಾರ. ಸಂಜೆ ಐದಕ್ಕೆ ಮುತ್ಯಾ ಮೊಮ್ಮಗಳ ಕೈ ಹಿಡಿದು ಪಡಸಾಲೆಯ ಒಳಗೇ ಬಂದರು. ಅದುವರೆಗೆ ಹೊಸ್ತಿಲು ದಾಟಿದವರಲ್ಲ.

"ಮೇಡಮ್ಮಾರ, ಮೊದಲ ನನಗ ಹಾಕ್ರಿ ಆ ಕಿವಿ ಬಟ್ಟಲಾ. ನಮ್ಮ ಕೂಸಿನ ಅಂಜಿಸೂ ಭೂತ ಒಳಗ ಹ್ಯಾಂಗ ಕುಂತೈತಿ ನೋಡತೇನಿ."

ಮೇಡಮ್ ನಗುತ್ತ ಹೆಡ್‌ಫೋನ್ ಕೊಟ್ಟರು. ರುಮಾಲಿನ ಮೇಲೆ ಅದು ಕೂರಲಿಲ್ಲ. ಮೇಲಿಟ್ಟರೆ ಜಾರುತ್ತಿತ್ತು, ಕೆಳಗೆ ಎಳೆದರೆ ರುಮಾಲು ಓರೆಯಾಗುತ್ತಿತ್ತು. ಮುತ್ಯಾ ಹೆಂಗಸರ ಮುಂದೆ, ಅದೂ ಪರಮನೆಯಲ್ಲಿ, ರುಮಾಲು ತೆಗೆದದ್ದನ್ನು ನಾನು ಕಂಡಿರಲಿಲ್ಲ. ಗುಡಿಯ ರುಮಾಲು ಅದು. ಪೂಜಾರಿಗೆ ಕಟ್ಟಿದ ಮೇಲೆ ಮನೆಯ ಹೊರಗೆ ಅದನ್ನು ಇಳಿಸುವ ರೂಢಿಯೇ ಇಲ್ಲ. ಹೆಡ್‌ಫೋನನ್ನು ಮೇಜಿನ ಮೇಲಿಟ್ಟರು. ಆಮೇಲೆ ಎರಡೂ ಕೈಯಿಂದ ರುಮಾಲನ್ನು ಹಾಗೆಯೇ ಎತ್ತಿ ಮೊಮ್ಮಗಳ ತೊಡೆಯ ಮೇಲಿಟ್ಟರು.

"ಭದ್ರ ಹಿಡಕೋ ಯವ್ವಾ. ನಾ ಹೋಗಿ ಬರೂತನಕ."

ಬೋಳುತಲೆಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತ ಮುತ್ಯಾನನ್ನು ನೋಡಿ ಮೇಡಮ್ ಮುಖ ತಿರುಗಿಸಿ ನಕ್ಕರು. ಸದ್ದು ಬಂತು. ಮುತ್ಯಾ ಬಹಳ ವಿಚಾರ ಮಾಡಿ ಬೆರಳು ಒತ್ತಿದರು. ಟ್ಯಾಬಿನಲ್ಲಿ ಕೆಂಪು. ತಪ್ಪು. ಮತ್ತೊಂದು. ಅದೂ ತಪ್ಪು. ಸಾಲುಸಾಲು ಕೆಂಪು.

"ಡೊಳ್ಳು ಬಡದ ಬಡದ ಕಿವಿ ಕಲ್ಲಾಗ್ಯಾವ್ರಿ ಮೇಡಮ್ಮಾರ," ಎಂದು ಸೋತ ಮುಖ ಮಾಡಿದರು.

ಹುಡುಗಿಗೆ ತಡೆಯಲಾಗಲಿಲ್ಲ. ಒಂದು ಕಡೆಯ ಬಟ್ಟಲನ್ನು ಹೊರಗೆ ತಿರುಗಿಸಿ ತನ್ನ ಕಿವಿಗೆ ಒತ್ತಿಕೊಂಡಳು. ಎರಡು ತಲೆ, ಒಂದು ಹೆಡ್‌ಫೋನ್.

"ಏರ್ತು ಮುತ್ಯಾ! ಏರ್ತು! ಮ್ಯಾಲಿಂದು ಒತ್ತು!"

"ಇಳದಂಗಾತಲ್ಲಬೇ."

"ಇಲ್ಲೋ, ಏರ್ತು! ಇಷ್ಟು ಉದ್ದ ಬಂತು, ಕೇಳಿಸ್ಲಿಲ್ಲೇನು?" ಎಂದವಳು ತಟ್ಟನೆ ನಿಂತಳು. ಟ್ಯಾಬನ್ನು ನೋಡಿದಳು. "ನನಗ ಇದು ಓಡೋಡಿ ಕೇಳ್ತಿತ್ತು. ಮುತ್ಯಾ ತಪ್ಪಿದಂಗೆಲ್ಲಾ ಇದು ನಿಧಾನ ಆಗತೈತಿ."

"ಹೌದು," ಎಂದರು ಮೇಡಮ್. ಹಿಂದೆ ಎಷ್ಟೋ ಹೇಳಿದ್ದವರು ಈಗ ಅಷ್ಟೇ ಹೇಳಿದರು.

"ಅಂದ್ರ ಇದಕ್ಕ ಯಾರು ಕುಂತಾರ ಅನ್ನೂದು ಗೊತ್ತಿಲ್ಲ."

"ಹ್ಯಾಂಗ ಗೊತ್ತಿರತೈತಿ?" ಎಂದರು ಮುತ್ಯಾ. "ನಾ ಯಾರಂತ ಗೊತ್ತಿದ್ರ ಇಷ್ಟೊತ್ತಿಗೆ ಒಂದು ಕಪ್ಪು ಚಾ ಬೇಕೇನು ಅಂತಾದ್ರೂ ಕೇಳ್ತಿತ್ತು."

ಹುಡುಗಿ ನಕ್ಕಳು. ಎಷ್ಟೋ ವಾರಗಳಿಂದ ಕೇಳದ ನಗು. ನಾನು ಎದ್ದು ಹೋಗಿ ಚಹಾಕ್ಕೆ ಇಟ್ಟೆ, ಅದು ವೇಳಾಪಟ್ಟಿಯಲ್ಲಿ ಇರದಿದ್ದರೂ.

ಆಮೇಲೆ ಅದೇ ಪದ್ಧತಿಯಾಯಿತು. ಮೊದಲು ಮುತ್ಯಾನ ಸರದಿ, ಐದು ನಿಮಿಷ. ಎಲ್ಲವೂ ತಪ್ಪು. ನಂತರ ಹುಡುಗಿಯದು. ನಾನು ಗಡಿಯಾರ ನೋಡಿ ಹೊತ್ತು ಹೇಳುವವಳು. ಮೇಡಮ್ ಮುತ್ಯಾನನ್ನು "ನಮ್ಮ ಹಿರೇ ವಿದ್ಯಾರ್ಥಿ" ಎನ್ನುತ್ತಿದ್ದರು. "ಹಿರೇ ವಿದ್ಯಾರ್ಥಿ ಇವತ್ತೂ ನಪಾಸ," ಎಂದು ಹುಡುಗಿ ಕಾಡಿಸಿದರೆ, "ಸಾಲಿ ಮಾರಿ ನೋಡದಾಂವಗ ನಪಾಸ ಅನ್ನಿಸಿಕೊಳ್ಳೂದೂ ದೊಡ್ಡದು ಬಿಡು," ಎನ್ನುತ್ತಿದ್ದರು.

ಮುಖಗಳ ಆಟವೂ ಇತ್ತು. ಟ್ಯಾಬಿನಲ್ಲಿ ಒಂದು ಮುಖ ಬರುತ್ತದೆ. ಸಿಟ್ಟೋ, ದುಃಖವೋ, ಸಂತೋಷವೋ, ಸುಮ್ಮನಿದೆಯೋ ಹೇಳಬೇಕು. ಮೊದಮೊದಲು ಹುಡುಗಿಗೆ ಎಲ್ಲವೂ ಸಿಟ್ಟಿನ ಮುಖಗಳೇ. ಸುಮ್ಮನಿದ್ದ ಮುಖವೂ ತನ್ನನ್ನು ನೋಡಿಯೇ ಸಿಟ್ಟಾಗಿದೆ ಎನ್ನುತ್ತಿದ್ದಳು. ಮುತ್ಯಾ ಹತ್ತಿರ ಬಾಗಿ, "ಸಿಟ್ಟಲ್ಲಬೇ, ಇಂವಗ ಬಸ್ಸು ತಪ್ಪೈತಿ," ಎನ್ನುತ್ತಿದ್ದರು. ಇನ್ನೊಂದಕ್ಕೆ, "ಇಕಿ ಒಲಿ ಮ್ಯಾಲ ಹಾಲು ಇಟ್ಟು ಬಂದಾಳ, ಅದರ ಚಿಂತಿ." ಬರಬರುತ್ತ ಹುಡುಗಿಯೂ ಹಾಗೆಯೇ ಹೇಳತೊಡಗಿದಳು. ತನ್ನನ್ನು ಬಿಟ್ಟು ಜನಕ್ಕೆ ಬೇರೆ ಎಷ್ಟೋ ಚಿಂತೆಗಳಿವೆ ಎಂದು...

ದೀಪಾವಳಿಯ ನಂತರ ಶುರುವಾದದ್ದು ಶಿವರಾತ್ರಿಯ ಸುಮಾರಿಗೆ ಮುಗಿಯಿತು. ನನ್ನ ನಿವೃತ್ತಿಗೆ ಕೆಲವು ದಿನ ಇರುವಾಗ ಹುಡುಗಿ ತಾನಾಗಿಯೇ ಮೈದಾನಕ್ಕೆ ಬಂದು ಸಾಲಿನಲ್ಲಿ ಕುಳಿತಳು. ಖೋ ಕೊಟ್ಟಾಗ ಎದ್ದಳು. ಕೊಡದಿದ್ದಾಗ ಕುಳಿತಿದ್ದಳು. ಮೂವತ್ತು ವರ್ಷಗಳ ನೌಕರಿಯಲ್ಲಿ ಇಷ್ಟು ಸಣ್ಣ ಸಂಗತಿಗೆ ನಾನು ಅಷ್ಟು ಸಂತೋಷಪಟ್ಟದ್ದಿಲ್ಲ. ಆಟ ಮುಗಿದ ಮೇಲೆ, "ಈಗ ಯಾರೂ ಕರೆಯೂದಿಲ್ಲೇನು?" ಎಂದು ಮೆಲ್ಲಗೆ ಕೇಳಿದೆ.

"ಒಮ್ಮೊಮ್ಮೆ ಕರೀತಾರ್ರಿ," ಎಂದಳು. "ಆದ್ರ ನಾ ಏಳೂದಿಲ್ಲ."

ತರಬೇತಿಯಿಂದ ಇದಾಯಿತೋ, ಡಾಕ್ಟರ ಮಾತಿನಿಂದಲೋ, ನಿದ್ದೆಯಿಂದಲೋ, ಭಂಡಾರದಿಂದಲೋ, ವಿಂಗಡಿಸಲು ನನಗೆ ಬರುವುದಿಲ್ಲ. ಮೇಡಮ್ ಕೂಡ ವಿಂಗಡಿಸಲಿಲ್ಲ. ಅವರು ಮುಂದೆ ಬೇರೆ ಜಿಲ್ಲೆಗೆ ಹೋದರು. ಆ ಸಂಜೆಗಳಲ್ಲಿ ನೂತ ಉಣ್ಣೆಯನ್ನೆಲ್ಲ ಮುತ್ಯಾ ನೇಯಿಸಿ ಕಂಬಳಿ ಮಾಡಿಸಿದರು. ಒಂದು ದಿನ ತಂದು ನನ್ನ ಮೇಜಿನ ಮೇಲಿಟ್ಟು, "ನಿಮ್ಮ ಪಡಸಾಲಿಗೆ ಹೊದಿಸ್ರಿ ಅಕ್ಕೋರ," ಎಂದು ಹೋದರು.

ಎರಡು ವರ್ಷಗಳ ಮೇಲೆ, ಒಂದು ಮಧ್ಯಾಹ್ನ, ಕಟ್ಟೆಯ ಬಿಸಿಲಿನಲ್ಲಿ ಕುಳಿತಲ್ಲಿಯೇ ಹೋದರು. ಕದಿರು ಮಡಿಲಲ್ಲಿತ್ತು, ಎಳೆ ಹರಿದಿರಲಿಲ್ಲ... ಆ ತಿಂಗಳು ಹುಡುಗಿ ನಮ್ಮ ಬಾಗಿಲಿಗೆ ಬಂದು, "ಅಕ್ಕೋರ, ಮುತ್ಯಾನ ದನಿ ಕೇಳಾಕತ್ತೈತಿ. ಬಾಗಲಕೋಟಿಗೆ ಹೋಗಿ ಬರೂಣು ನಡೀರಿ," ಎಂದಳು. ಅವಳೇ ಹೇಳಿದಳು, ನಾವು ಹೇಳಬೇಕಾಗಲಿಲ್ಲ. ಮರುದಿನವೇ ಹೋದೆವು. ಡಾಕ್ಟರು ನೋಡಿದರು. ಕೆಲವು ವಾರಗಳಲ್ಲಿ ಅದೂ ತಿಳಿಯಾಯಿತು. ಈಗ ಅವಳು ಬಾಗಲಕೋಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. ತಿಂಗಳ ತಪಾಸಣೆ ಈಗ ಆರು ತಿಂಗಳಿಗೊಮ್ಮೆ ಆಗಿದೆ. ತಪ್ಪಿಸುವುದಿಲ್ಲ.

ಇಂದು ಬಿಸಿಲು ಏರಿದ ಮೇಲೆ ಕಂಬಳಿ ಮಡಚಲು ಶುರು ಮಾಡಿದೆವು. ತುದಿಗೆ ತುದಿ ಸೇರಿಸುತ್ತ, "ನಿಮ್ಮ ಮುತ್ಯಾನ ಕಿವಿ ಮಾತ್ರ ಆ ಡೊಳ್ಳು ಪೂರಾ ನುಂಗಿತ್ತು ನೋಡು. ಕಡೀತನಕ ಒಂದೂ ಸರಿ ಹೇಳಲಿಲ್ಲ," ಎಂದೆ.

ಹುಡುಗಿ ಮಡಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಅಕ್ಕೋರ, ನೀವು ಖರೇನ ನಂಬಿದ್ರೇನ್ರೀ?"

"ಯಾಕ?"

"ಇರೂವು ಎರಡ ಬಾಣ. ಕಿವುಡರು ಸುಮ್ಮನ ಒತ್ತಿದ್ರೂ ಅರ್ಧ ಸರಿ ಬರ್ತಾವು. ಎಲ್ಲಾ ತಪ್ಪು ಆಗಬೇಕಂದ್ರ ಎಲ್ಲಾ ಸರಿ ಕೇಳಿರಬೇಕಲ್ರೀ."

ನಾನು ಕಂಬಳಿಯ ತುದಿ ಹಿಡಿದು ನಿಂತೆ. ಒಂದು ಪೆಟ್ಟು ಹಾಕಿ, ತಲೆ ಓರೆ ಮಾಡಿ ಡೊಳ್ಳು ಕೇಳುವ ಮುತ್ಯಾ ಕಣ್ಣಮುಂದೆ ಬಂದರು.

"ನಿನಗ ಯಾವಾಗ ತಿಳೀತು?"

"ಎರಡನೇ ದಿನಾನ. ಮೇಡಮ್ಮಾರಿಗೂ ಗೊತ್ತಿತ್ತು. ನೀವು ಗಡಿಯಾರ ನೋಡಾಕತ್ತಿದ್ರಿ."

"ಮತ್ತ ಹೇಳಲಿಲ್ಲ?"

"ಹೇಳಿದ್ರ ಬಿಟ್ಟುಬಿಡ್ತಿದ್ದ." ಕಂಬಳಿಯ ಅಂಚನ್ನು ಬೆರಳಿನಿಂದ ಒರೆಸಿದಳು. "ಆವಾಗ ಎಲ್ಲಾರೂ ಕೂಡಿ ನನ್ನ ಬೆನ್ನ ಹಿಂದ ಏನೋ ಹೂಡ್ಯಾರ ಅಂತ ಅನಿಸ್ತಿತ್ತಲ್ರೀ... ಖರೇನ ಹೂಡಿದಾಂವ ಮುತ್ಯಾ ಒಬ್ಬನ. ಅದನ್ನ ನಾ ಬರೋಬರಿ ಹಿಡದೆ."

ಅವಳು ನಗುತ್ತಿದ್ದಳು. ಕಣ್ಣು ತೇವವಾಗಿದ್ದವು, ಆದರೆ ಅದು ನಗುವೇ. ಮೊಮ್ಮಗಳಿಗೆ ಗೊತ್ತಿದೆ ಎಂಬುದು ಮುತ್ಯಾನಿಗೆ ಗೊತ್ತಿತ್ತೇ? ಕೇಳೋಣವೆಂದರೆ ಕಟ್ಟೆ ಖಾಲಿ...

ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿದೆವು. ಕೆಳಗೆ ಬೇವಿನೆಲೆ, ಮೇಲೆ ಬೇವಿನೆಲೆ. ಹುಡುಗಿ ಬಾಗಲಕೋಟೆಯ ಬಸ್ಸಿಗೆ ಹೊರಟಳು. ನಾನು ಟ್ರಂಕಿನ ಮುಚ್ಚಳ ಹಾಕಿ ಕೊಂಡಿ ಸಿಕ್ಕಿಸಿದೆ.